ಶಾಲೆಯ ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ದೂರದ ವಿಮಾನ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಏಳೆಂಟು ಗಂಟೆಗೂ ಮೀರಿದ ಹಾರಾಟ, ಗಡಿಯಾರದಲ್ಲಿ ನಾಲ್ಕೈದು ಗಂಟೆಯಾದರೂ ವ್ಯತ್ಯಾಸ, ಜೊತೆಗೆ ಮಕ್ಕಳು. ಇಲ್ಲಿ ‘ದೂರದ ಪ್ರವಾಸ’ ಎಂದಿರುವುದು ಇದಕ್ಕೆ. ಬೇಸಿಗೆ ರಜೆ ಎಂದಿರುವುದು ಜೂನ್‌ನಿಂದ ಆಗಸ್ಟ್‌ವರೆಗಿನ ರಜೆಗೆ. ಏನೇನು ನೋಡಬೇಕು ಎಂಬ ಪಟ್ಟಿ ಎಲ್ಲೆಲ್ಲೂ ಸಿಗುತ್ತದೆ, ಅದನ್ನು ಇಲ್ಲಿ ಹುಡುಕಬೇಡಿ. ಇಂಥ ಪ್ರವಾಸ ಕೆಡುವುದು ನೋಡುವ ಜಾಗ ತಪ್ಪಿದ್ದರಿಂದಲ್ಲ. ತಲುಪುವ ಹೊತ್ತು, ಮಕ್ಕಳ ನಿದ್ದೆ, ಕಾಗದಪತ್ರ ಇವುಗಳಲ್ಲಿ ಒಂದು ಎಡವಟ್ಟಾದರೂ ಸಾಕು, ಮೊದಲ ನಾಲ್ಕು ದಿನ ಕೈತಪ್ಪಿ ಹೋಗುತ್ತವೆ.

ತಯಾರಿ ಯಾವಾಗ ಶುರು ಮಾಡಬೇಕು?

ರಜೆಯ ದಿನಾಂಕ ಗೊತ್ತಾದ ದಿನವೇ. ಹೆಚ್ಚಿನ ವಿಮಾನ ಕಂಪನಿಗಳು ಸುಮಾರು ಹನ್ನೊಂದು ತಿಂಗಳು ಮುಂಚೆಯೇ ಟಿಕೆಟ್ ಮಾರಾಟಕ್ಕೆ ಇಡುತ್ತವೆ. ಅಷ್ಟು ಬೇಗ ಕೊಳ್ಳಲೇಬೇಕೆಂದಿಲ್ಲ. ಆದರೆ ನಾಲ್ಕೈದು ಸೀಟು ಒಟ್ಟಿಗೆ ಬೇಕಾದವರು ಕೊನೇ ಗಳಿಗೆಯಲ್ಲಿ ಅಗ್ಗದ ಟಿಕೆಟ್ ಸಿಕ್ಕೀತು ಎಂದು ಕಾಯುವುದರಲ್ಲಿ ಅರ್ಥವಿಲ್ಲ. ರಜೆಯ ದಿನಗಳಲ್ಲಿ ಅದು ಸಿಗುವುದು ಒಂಟಿಯಾಗಿ ಹೊರಟವರಿಗೆ, ಅವರಿಗೂ ಅಪರೂಪಕ್ಕೆ.

ದರ ಹುಡುಕುವಾಗ ಒಂದು ಕಿವಿಮಾತು. ಕಡಿಮೆ ದರದ ಸೀಟು ಮೂರೇ ಉಳಿದಿದ್ದು ನೀವು ನಾಲ್ಕಕ್ಕೆ ಹುಡುಕಿದರೆ, ಬಹಳಷ್ಟು ಕಡೆ ನಾಲ್ಕೂ ಸೀಟಿಗೆ ಮೇಲಿನ ದರವೇ ಕಾಣಿಸುತ್ತದೆ. ಹಾಗಾಗಿ ಒಮ್ಮೆ ಇಬ್ಬರಿಗೆ, ಒಮ್ಮೆ ಮೂವರಿಗೆ ಎಂದು ಹುಡುಕಿ ನೋಡಿ. ವ್ಯತ್ಯಾಸ ದೊಡ್ಡದಿದ್ದರೆ ಎರಡು ಬುಕಿಂಗ್ ಮಾಡಬಹುದು. ಆದರೆ ಪ್ರತಿ ಬುಕಿಂಗಿನಲ್ಲೂ ದೊಡ್ಡವರೊಬ್ಬರು ಇರಲಿ, ಎರಡೂ ಒಂದೇ ಕುಟುಂಬದ್ದು ಎಂದು ಕಂಪನಿಗೆ ಹೇಳಿ ಜೋಡಿಸಿಕೊಳ್ಳಿ. ವಿಮಾನ ರದ್ದಾದರೆ ಮನೆಯವರು ಬೇರೆ ಬೇರೆ ದಿನ ಹೊರಡುವಂತಾಗಬಾರದು.

ಪಾಸ್‌ಪೋರ್ಟ್ ಇದೆಯಲ್ಲ, ಮತ್ತೇನು ನೋಡಬೇಕು?

ಅವಧಿ. ದೊಡ್ಡವರದು ಹತ್ತು ವರ್ಷ ನಡೆಯುತ್ತದೆ, ಮಕ್ಕಳದು ಹಲವು ದೇಶಗಳಲ್ಲಿ ಐದೇ ವರ್ಷ. ಹೋದ ಸಲದ ಪ್ರವಾಸಕ್ಕೆ ಎಲ್ಲರದೂ ಒಟ್ಟಿಗೆ ಮಾಡಿಸಿದ್ದರೂ ಮಗುವಿನದು ಮೊದಲೇ ಮುಗಿದಿರುತ್ತದೆ. ತಲುಪಿದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಬೇಕು ಎನ್ನುವ ದೇಶಗಳು ಬಹಳ. ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಉಳಿದಿರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಇನ್ನು ಟಿಕೆಟಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು, ಮನೆಯಲ್ಲಿ ಕರೆಯುವ ಹೆಸರೋ ಶಾಲೆಯ ದಾಖಲೆಯ ಹೆಸರೋ ನಡೆಯುವುದಿಲ್ಲ.

ಮೊದಲು ಟಿಕೆಟ್ಟೋ, ವೀಸಾವೋ?

ಮೊದಲು ವೀಸಾ ಕೇಂದ್ರದಲ್ಲಿ ಸಂದರ್ಶನದ ದಿನಾಂಕ ಸಿಗುತ್ತದೆಯೇ ನೋಡಿ. ರಜೆ ಹತ್ತಿರವಾದಂತೆ ಎಲ್ಲರೂ ಅದೇ ಬಾಗಿಲು ತಟ್ಟುತ್ತಾರೆ. ಷೆಂಗೆನ್ ವೀಸಾಗೆ ಪ್ರವಾಸದ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಎಳೆಯಬಹುದು. ಅಂದಮೇಲೆ ಕೊನೆಯ ಗಡುವನ್ನು ನಂಬಿ ಕೂರುವುದು ಬೇಡ. ಹೋಟೆಲನ್ನು ರದ್ದು ಮಾಡಲು ಬರುವಂತೆ ಕಾಯ್ದಿರಿಸಿ, ವೀಸಾ ಕೈಗೆ ಬರುವವರೆಗೆ ಹಣ ವಾಪಸು ಬಾರದ ಟಿಕೆಟ್ ಕೊಳ್ಳಬೇಡಿ.

ನಡುವೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಬೇಕು. ಅಮೆರಿಕದಲ್ಲಿ ಬರೀ ವಿಮಾನ ಬದಲಿಸಲು ಇಳಿದರೂ ವೀಸಾ, ಇಲ್ಲವೇ ಅರ್ಹ ದೇಶಗಳವರಾದರೆ ಇಎಸ್‌ಟಿಎ ಎಂಬ ಆನ್‌ಲೈನ್ ಅನುಮತಿ ಬೇಕೇ ಬೇಕು. ಕೈಕೂಸಿಗೂ ಇದೇ ನಿಯಮ.

ರಜೆಯ ಯಾವ ವಾರ ಹೊರಡುವುದು ಒಳ್ಳೆಯದು?

ಶಾಲೆ ಮುಚ್ಚಿದ ಮೊದಲ ಶನಿವಾರ ಭಾನುವಾರ ಬಿಟ್ಟು ಯಾವಾಗ ಬೇಕಾದರೂ. ವಾರದ ನಡುವೆ ಹೊರಟು ವಾರದ ನಡುವೆ ಮರಳಿದರೆ ದರವೂ ಸಾಮಾನ್ಯವಾಗಿ ಕಡಿಮೆ, ಸಾಲುಗಳೂ ಚಿಕ್ಕವು. ಒಂದೇ ಷರತ್ತು: ಶಾಲೆ ತೆರೆಯುವ ಮುನ್ನ ಮನೆಯಲ್ಲಿ ನಾಲ್ಕೈದು ದಿನವಾದರೂ ಉಳಿಯಲಿ.

ನಮ್ಮ ಬೇಸಿಗೆ ರಜೆಯಲ್ಲಿ ಅಲ್ಲಿ ಯಾವ ಕಾಲ?

ಹೆಚ್ಚಿನವರು ಟಿಕೆಟ್ ಕೊಂಡ ಮೇಲೆ ಕೇಳುವ ಪ್ರಶ್ನೆ ಇದು. ಕೇಳಬೇಕಾದ್ದು ಅದಕ್ಕೂ ಮುಂಚೆ. ಉತ್ತರಾರ್ಧಗೋಳದಲ್ಲಿ ಜೂನ್‌ನಿಂದ ಆಗಸ್ಟ್ ಬೇಸಿಗೆಯಾದರೆ ಭೂಮಧ್ಯರೇಖೆಯ ಆಚೆ ಅದು ಚಳಿಗಾಲ. ಜುಲೈಯಲ್ಲಿ ಕೇಪ್ ಟೌನ್‌ಗೆ ಹೋದರೆ ಮಳೆ, ಗಾಳಿ. ಅದೇ ತಿಂಗಳು ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಒಣಹವೆ, ಗ್ರೇಟ್ ಬ್ಯಾರಿಯರ್ ರೀಫ್ ನೋಡಲು ಹಿತವಾದ ಕಾಲ. ಕೀನ್ಯಾದ ಮಸಾಯಿ ಮಾರಾದಲ್ಲಿ ವಿಲ್ಡಬೀಸ್ಟ್ ಎಂಬ ಕಾಡುಪ್ರಾಣಿಯ ಹಿಂಡುಗಳು ನದಿ ದಾಟುವುದು ಜುಲೈಯಿಂದ ಅಕ್ಟೋಬರ್ ನಡುವೆ.

ಮೆಡಿಟರೇನಿಯನ್ ತೀರದ ಜುಲೈ, ಆಗಸ್ಟ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬಿಸಿಲ ಹೊಡೆತ ಮಿತಿಮೀರಿದ ದಿನಗಳಲ್ಲಿ ಅಥೆನ್ಸಿನ ಅಕ್ರೊಪೊಲಿಸನ್ನೇ ಮಧ್ಯಾಹ್ನ ಕೆಲವು ಗಂಟೆ ಮುಚ್ಚುತ್ತಾರೆ, 2023ರಲ್ಲೂ 2024ರಲ್ಲೂ ಹೀಗಾಯಿತು. ಅಷ್ಟು ದೂರ ಹಾರಿ ಹೋಗಿ ಹೋಟೆಲಿನ ಎಸಿಯಲ್ಲಿ ಕೂರುವುದಕ್ಕಿಂತ ಬೇರೆ ಊರು ಆರಿಸಬಹುದು. ಜಪಾನಿನಲ್ಲಿ ಹೆಚ್ಚಿನ ಭಾಗಕ್ಕೆ ಜೂನ್‌ನಿಂದ ಜುಲೈ ಮಧ್ಯದವರೆಗೆ ಮಳೆಗಾಲ, ಅದರ ಬೆನ್ನಿಗೇ ಸೆಖೆ. ಆಗಸ್ಟ್ ಮಧ್ಯದ ಓಬೋನ್ ಹಬ್ಬಕ್ಕೆ ಅಲ್ಲಿನವರೆಲ್ಲ ಊರಿಗೆ ಹೊರಡುವುದರಿಂದ ರೈಲುಗಳು ತುಂಬಿರುತ್ತವೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಜೋರಾಗುವುದು ಆಗಸ್ಟ್ ಮಧ್ಯದ ನಂತರ. ಹಾಗಾಗಿ ಕೆರಿಬಿಯನ್ ಕಡೆ ಹೋಗುವುದಿದ್ದರೆ ರಜೆಯ ಮೊದಲ ಅರ್ಧವೇ ವಾಸಿ.

ಐಸ್‌ಲ್ಯಾಂಡ್‌ನ ಜೂನ್ ಸೊಗಸು, ರಾತ್ರಿ ಕತ್ತಲೇ ಆಗದು. ಚಿಕ್ಕ ಮಕ್ಕಳಿರುವವರಿಗೆ ಅದೇ ತೊಂದರೆ. ಹನ್ನೊಂದು ಗಂಟೆಗೂ ಹೊರಗೆ ಬೆಳಕಿದ್ದರೆ ಮಲಗು ಎಂದರೆ ಕೇಳುವವರು ಯಾರು? ಕೋಣೆಗೆ ದಪ್ಪ ಕಪ್ಪು ಪರದೆ ಇದೆಯೇ ಎಂದು ಬುಕ್ ಮಾಡುವ ಮುಂಚೆಯೇ ವಿಚಾರಿಸಿ.

ಪೆರುವಿಗೆ ಮೇನಿಂದ ಸೆಪ್ಟೆಂಬರ್‌ವರೆಗೆ ಒಣಕಾಲ, ಮಾಚು ಪಿಚು ನೋಡಲು ತಕ್ಕ ಹೊತ್ತು. ಆದರೆ ವಿಮಾನ ಇಳಿಯುವ ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಮಾಚು ಪಿಚು ಅದಕ್ಕಿಂತ ಕೆಳಗೆ, ಸುಮಾರು 2,430 ಮೀಟರಿನಲ್ಲಿ. ಇಳಿದ ದಿನವೇ ಕೆಳಗಿನ ಕಣಿವೆಯ ಊರುಗಳಿಗೆ ಹೋಗಿ ಮೊದಲ ರಾತ್ರಿಗಳನ್ನು ಅಲ್ಲೇ ಕಳೆದು, ಕುಸ್ಕೊವನ್ನು ಕೊನೆಗಿಟ್ಟುಕೊಳ್ಳಿ. ಚಿಕ್ಕ ಮಗುವಿಗೆ ತಲೆನೋವು ಎಂದು ಹೇಳಲು ಬಾರದು. ಸುಮ್ಮನೆ ರಗಳೆ ಮಾಡುತ್ತದೆ, ಊಟ ಬೇಡ ಎನ್ನುತ್ತದೆ, ವಾಂತಿ ಮಾಡಿಕೊಳ್ಳುತ್ತದೆ. ಪ್ರಯಾಣದ ಆಯಾಸ ಎಂದು ತಳ್ಳಿಹಾಕದೆ ತಕ್ಷಣ ಕೆಳಗಿಳಿಸಿ, ವೈದ್ಯರಿಗೆ ತೋರಿಸಿ.

ನೇರ ವಿಮಾನವೋ, ನಡುವೆ ಇಳಿದು ಹತ್ತುವುದೋ?

ಹತ್ತು ಗಂಟೆಯೊಳಗಿನ ಹಾರಾಟವಾದರೆ ನೇರ ವಿಮಾನವೇ ಸರಿ. ಅದಕ್ಕಿಂತ ಉದ್ದವಾದರೆ ಮಕ್ಕಳ ಸ್ವಭಾವ ನೋಡಿ ತೀರ್ಮಾನಿಸಬೇಕು. ಸಿಂಗಪುರದಿಂದ ನ್ಯೂಯಾರ್ಕಿಗೆ ಹೋಗುವ ವಿಮಾನ 18 ಗಂಟೆ ದಾಟುತ್ತದೆ. ಓಡಾಡದೆ ಇರಲಾರದ ಮೂರು ವರ್ಷದ ಮಗುವಿಗೆ ಅದು ಶಿಕ್ಷೆ. ನಡುವೆ ಮೂರ್ನಾಲ್ಕು ಗಂಟೆಯ ಬಿಡುವಿದ್ದರೆ ಕಾಲಾಡಿಸಿ, ಮುಖ ತೊಳೆದು, ಬಟ್ಟೆ ಬದಲಿಸಿ ಮತ್ತೆ ಹತ್ತಬಹುದು. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟವೇ ಇದೆ. ಒಂದು ಗಂಟೆಯ ಕನೆಕ್ಷನ್ ಮಾತ್ರ ಬೇಡ. ಕಾಗದದಲ್ಲಿ ಸಾಧ್ಯ ಎಂದು ಕಾಣುವುದು ಒಂಟಿ ಪ್ರಯಾಣಿಕರ ಲೆಕ್ಕ. ಸ್ಟ್ರಾಲರ್‌ಗೆ (ಮಗುವಿನ ತಳ್ಳುಗಾಡಿ) ಕಾಯಬೇಕು, ಒಬ್ಬರಿಗೆ ಶೌಚಾಲಯಕ್ಕೆ ಹೋಗಬೇಕು, ಇನ್ನೊಬ್ಬರ ಬೂಟು ಸಿಗುತ್ತಿಲ್ಲ.

ಎರಡೂ ವಿಮಾನ ಒಂದೇ ಟಿಕೆಟಿನಲ್ಲಿರಲಿ. ಬೇರೆ ಬೇರೆ ಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಕಂಪನಿಯವರು ತಲೆಕೆಡಿಸಿಕೊಳ್ಳುವುದಿಲ್ಲ, ಹೊಸ ಟಿಕೆಟಿನ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಎಷ್ಟು ಹೊತ್ತಿಗೆ ತಲುಪಿದರೆ ಒಳ್ಳೆಯದು?

ಮಧ್ಯಾಹ್ನ ಕಳೆದು ಸಂಜೆಯೊಳಗೆ. ಟಿಕೆಟ್ ಆರಿಸುವಾಗ ದರದ ಜೊತೆಗೆ ನೋಡಲೇಬೇಕಾದ್ದು ಇದು, ಆದರೂ ಹೆಚ್ಚಿನವರು ಹೊರಡುವ ಹೊತ್ತನ್ನಷ್ಟೇ ನೋಡುತ್ತಾರೆ. ಬೆಳಗಿನ ಆರಕ್ಕೆ ಇಳಿದರೆ ಹೋಟೆಲಿನ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರರ ಮೇಲೆ. ಅಷ್ಟೂ ಹೊತ್ತು ನಿದ್ದೆಗೆಟ್ಟ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀರಿ? ಬೆಳಗ್ಗೆ ಇಳಿಯುವ ವಿಮಾನ ಬಿಟ್ಟು ಬೇರೆ ಇಲ್ಲದಿದ್ದರೆ ಹಿಂದಿನ ರಾತ್ರಿಗೂ ಸೇರಿಸಿ ಕೋಣೆ ಕಾಯ್ದಿರಿಸಿ. ಬೆಳಗ್ಗೆ ಬರುತ್ತೇವೆ ಎಂದು ಹೋಟೆಲಿಗೆ ಬರೆದು ತಿಳಿಸದಿದ್ದರೆ, ಬರಲಿಲ್ಲ ಎಂದು ಅವರು ಬುಕಿಂಗನ್ನೇ ರದ್ದು ಮಾಡಿಬಿಡಬಹುದು. ಒಂದು ರಾತ್ರಿಯ ಬಾಡಿಗೆ ದಂಡ ಎನಿಸುತ್ತದೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚಿಲ್ಲ.

ಮಕ್ಕಳಿಗೂ ಜೆಟ್ ಲ್ಯಾಗ್ ಆಗುತ್ತದೆಯೇ?

ಆಗುತ್ತದೆ. ಹೊಸ ಊರಿನ ಸಮಯಕ್ಕೆ ದೇಹ ಹೊಂದದೆ ನಿದ್ದೆ ಕೆಡುವುದೇ ಜೆಟ್ ಲ್ಯಾಗ್. ದೇಹದೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆಯಷ್ಟೇ ಸರಿಯುತ್ತದೆ. ಪಶ್ಚಿಮಕ್ಕೆ ಹೋದಾಗ ತಡವಾಗಿ ಮಲಗಿದರೆ ಸಾಕು, ಅದು ಸುಲಭ. ಪೂರ್ವಕ್ಕೆ ಹೋದಾಗ ನಿದ್ದೆ ಬಾರದ ಹೊತ್ತಿಗೆ ಮಲಗಬೇಕು, ಅದು ಕಷ್ಟ.

ಗಡಿಯಾರವನ್ನು ಸರಿಸುವುದು ಬೆಳಕು. ಇಲ್ಲಿ ಹಲವರು ತಪ್ಪುವುದು ಹೀಗೆ: ಪೂರ್ವಕ್ಕೆ ಎಂಟು ಗಂಟೆ ದಾಟಿ ಹೋದವರು ಮೊದಲ ಬೆಳಗ್ಗೆಯೇ ಮಕ್ಕಳನ್ನು ಬಿಸಿಲಿಗೆ ಕರೆದೊಯ್ಯುತ್ತಾರೆ. ಅಲ್ಲಿನ ಬೆಳಗಿನ ಏಳು ಎಂದರೆ ಮಗುವಿನ ದೇಹಕ್ಕೆ ಇನ್ನೂ ಹಿಂದಿನ ರಾತ್ರಿ ಹನ್ನೊಂದು. ಆ ಹೊತ್ತಿನ ಬೆಳಕು ಗಡಿಯಾರವನ್ನು ಮುಂದೆ ತಳ್ಳುವ ಬದಲು ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ಮೊದಲ ದಿನ ಮಧ್ಯಾಹ್ನದವರೆಗೆ ಒಳಗಿರಿ, ಇಲ್ಲವೇ ನೆರಳಲ್ಲಿರಿ, ಆಮೇಲೆ ಹೊರಗೆ ಆಡಲು ಬಿಡಿ. ದಿನ ಕಳೆದಂತೆ ಆ ಹೊತ್ತನ್ನು ಒಂದೊಂದು ಗಂಟೆ ಬೇಗ ಮಾಡುತ್ತ ಬನ್ನಿ. ಪಶ್ಚಿಮಕ್ಕೆ ಹೋದವರಿಗೆ ಇಷ್ಟು ಗೋಜಲಿಲ್ಲ, ಸಂಜೆಯ ಬೆಳಕಲ್ಲಿ ಸಾಧ್ಯವಾದಷ್ಟು ಹೊತ್ತು ಹೊರಗಿದ್ದರಾಯಿತು.

ಎಷ್ಟೇ ಮಾಡಿದರೂ ಮೊದಲ ಒಂದೆರಡು ರಾತ್ರಿ ಮೂರು ಗಂಟೆಗೆ ಯಾರಾದರೂ ಎದ್ದೇ ಏಳುತ್ತಾರೆ. ಹೆಚ್ಚಾಗಿ ಹಸಿವಿಗೆ, ಏಕೆಂದರೆ ಹೊಟ್ಟೆಗೆ ಇನ್ನೂ ಮನೆಯ ಸಮಯವೇ. ಇದಕ್ಕೆ ಸಿದ್ಧವಾಗಿರಿ: ಮಲಗುವ ಮುಂಚೆ ಮೇಜಿನ ಮೇಲೆ ಬಾಳೆಹಣ್ಣು, ಬಿಸ್ಕತ್ತು, ನೀರು. ದೊಡ್ಡ ದೀಪ ಹಾಕಬೇಡಿ, ಸ್ನಾನದ ಕೋಣೆಯ ದೀಪ ಹಾಕಿ ಬಾಗಿಲನ್ನು ಒಂದಿಷ್ಟು ತೆರೆದಿಟ್ಟರೆ ಸಾಕು. ಟ್ಯಾಬ್, ಟಿವಿ ಬೇಡ. ಬಣ್ಣದ ಪೆನ್ಸಿಲ್ಲು, ಪುಸ್ತಕ, ಪಿಸುಮಾತು. ದೊಡ್ಡವರಲ್ಲಿ ಒಬ್ಬರೇ ಎದ್ದಿರಿ, ಇನ್ನೊಬ್ಬರು ಮಲಗಲಿ, ಮರುರಾತ್ರಿ ಸರದಿ ಬದಲಿಸಿ. ಬೆಳಗ್ಗೆ ಹನ್ನೊಂದರವರೆಗೆ ಮಲಗಲು ಮಾತ್ರ ಬಿಡಬೇಡಿ.

ಎರಡು ವರ್ಷದೊಳಗಿನ ಮಗುವಿಗೆ ಸೀಟು ಕೊಳ್ಳಬೇಕೇ?

ನಿಯಮದ ಪ್ರಕಾರ ಬೇಡ. ಮಡಿಲಲ್ಲಿ ಕೂರಿಸಿಕೊಂಡು ಹೋಗಬಹುದು, ಅಂತರರಾಷ್ಟ್ರೀಯ ಹಾರಾಟಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗ ಮತ್ತು ತೆರಿಗೆ ತೆಗೆದುಕೊಳ್ಳುತ್ತಾರೆ. ಆದರೆ ಪ್ರವಾಸದ ನಡುವೆ ಎರಡನೇ ಹುಟ್ಟುಹಬ್ಬ ಬಂದರೆ ಮರಳುವಾಗ ಪ್ರತ್ಯೇಕ ಸೀಟು ಬೇಕಾಗುತ್ತದೆ. ಒಂದೂವರೆ ವರ್ಷ ದಾಟಿದ ಮಗುವನ್ನು ಹನ್ನೆರಡು ಗಂಟೆ ಮಡಿಲಲ್ಲಿ ಹೊತ್ತು ಕೂರುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಕೈಗೆಟುಕುವುದಾದರೆ ಸೀಟು ಕೊಂಡುಬಿಡಿ, ವಿಮಾನದಲ್ಲಿ ಬಳಸಬಹುದು ಎಂದು ಮುದ್ರೆಯಿರುವ ಕಾರ್ ಸೀಟ್ ಇದ್ದರೆ ಅದರಲ್ಲೇ ಮಲಗಿಸಬಹುದು.

ಬೇಸಿನೆಟ್ (ವಿಮಾನದಲ್ಲಿ ಕೂಸನ್ನು ಮಲಗಿಸುವ ಪುಟ್ಟ ತೊಟ್ಟಿಲು) ಸಿಗುತ್ತದೆಯೇ?

ಕೇಳಿದರೆ ಸಿಗಬಹುದು. ಇರುವುದೇ ನಾಲ್ಕಾರು, ಆದ್ದರಿಂದ ಬುಕ್ ಮಾಡಿದ ದಿನವೇ ಫೋನ್ ಮಾಡಿ ಕಾಯ್ದಿರಿಸಿ. ತೂಕ, ಉದ್ದದ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ. ಕುಲುಕಾಟ ಶುರುವಾಗಿ ಬೆಲ್ಟ್ ಸೂಚನೆ ಬಂದಾಗಲೆಲ್ಲ ಮಲಗಿದ ಮಗುವನ್ನು ಎತ್ತಿಕೊಳ್ಳಬೇಕು. ಅದು ಗೊತ್ತಿದ್ದರೆ ನಿರೀಕ್ಷೆ ಹದದಲ್ಲಿರುತ್ತದೆ.

ಮಗು ಮಲಗಲಿ ಎಂದು ಔಷಧಿ ಕೊಡಬಹುದೇ?

ಬೇಡ. ನೆಗಡಿ, ಅಲರ್ಜಿಗೆ ಕೊಡುವ ಮಂಪರಿನ ಸಿರಪ್ಪು ಕೆಲವು ಮಕ್ಕಳಲ್ಲಿ ತದ್ವಿರುದ್ಧ ಪರಿಣಾಮ ಮಾಡಿ ಇನ್ನಷ್ಟು ಕೆರಳಿಸುತ್ತದೆ. ನಿದ್ದೆಗೆಂದು ಕೊಡುವ ಮೆಲಟೋನಿನ್ ಕೂಡ ಮಕ್ಕಳ ವೈದ್ಯರು ಹೇಳದೆ ಕೊಡುವಂಥದ್ದಲ್ಲ.

ಕಿವಿನೋವಿಗೆ ಏನು ಮಾಡುವುದು?

ಇಳಿಯುವಾಗ ನೋವು ಜಾಸ್ತಿ. ನೆಲ ಮುಟ್ಟುವ ಅರ್ಧ ಗಂಟೆ ಮುಂಚಿನಿಂದಲೇ ಒತ್ತಡ ಬದಲಾಗುತ್ತದೆ, ಆದ್ದರಿಂದ ಆಗಲೇ ಮಗುವನ್ನು ಎಬ್ಬಿಸಿ. ಕೂಸಿಗೆ ಹಾಲು, ದೊಡ್ಡ ಮಕ್ಕಳಿಗೆ ಚೀಪಲು ಅಥವಾ ಜಗಿಯಲು ಏನಾದರೂ. ಹೊರಡುವ ವಾರ ಕಿವಿಯ ಸೋಂಕೋ ಜೋರು ನೆಗಡಿಯೋ ಇದ್ದರೆ ವೈದ್ಯರ ಬಳಿ ತೋರಿಸಿಕೊಂಡೇ ಹೊರಡಿ.

ಕೈಚೀಲದಲ್ಲಿ ಏನಿರಬೇಕು?

ಒಂದು ಚೀಲವಲ್ಲ, ಎರಡು. ದೊಡ್ಡದು ಮೇಲಿನ ಕಪಾಟಿಗೆ. ಚಿಕ್ಕದು, ಜಿಪ್ ಇರುವ ಪೌಚ್, ಸದಾ ಕೈಗೆ ಸಿಗುವ ಹಾಗೆ ಮುಂದಿನ ಸೀಟಿನ ಕೆಳಗೆ. ಬೆಲ್ಟ್ ಹಾಕಿ ಕೂತಿರಬೇಕಾದ ಹೊತ್ತಿನಲ್ಲೇ ಮಗುವಿಗೆ ಎಲ್ಲವೂ ಬೇಕಾಗುವುದು, ಆಗ ಎದ್ದು ಕಪಾಟು ತೆಗೆಯಲು ಬಿಡುವುದಿಲ್ಲ. ಪೌಚಿನಲ್ಲಿ ಒದ್ದೆ ಟಿಶ್ಯೂ, ಎರಡು ಪ್ಲಾಸ್ಟಿಕ್ ಚೀಲ, ಒಂದು ಜೊತೆ ಬಟ್ಟೆ ಸುರುಳಿ ಸುತ್ತಿ, ತಿನ್ನಲು ಸ್ವಲ್ಪ, ಮಕ್ಕಳ ಅಳತೆಯ ಹೆಡ್‌ಫೋನ್, ಪೆನ್ನು. ಪೆನ್ನು ಮಕ್ಕಳಿಗಲ್ಲ, ಇಳಿಯುವ ಮುಂಚೆ ತುಂಬಬೇಕಾದ ಅರ್ಜಿಗೆ. ಮಗು ವಾಂತಿ ಮಾಡಿದರೆ ಹಾಳಾಗುವುದು ಎತ್ತಿಕೊಂಡವರ ಅಂಗಿಯೂ ಹೌದು, ದೊಡ್ಡ ಚೀಲದಲ್ಲಿ ನಿಮಗೂ ಒಂದು ಅಂಗಿ ಇರಲಿ.

ದ್ರವಕ್ಕೆ 100 ಮಿಲಿಲೀಟರ್ ಮಿತಿ ಹೆಚ್ಚಿನ ನಿಲ್ದಾಣಗಳಲ್ಲಿದೆ. ಕೂಸಿನ ಹಾಲು, ಆಹಾರ, ಅಗತ್ಯ ಔಷಧಿಗೆ ಸಾಮಾನ್ಯವಾಗಿ ವಿನಾಯಿತಿ ಉಂಟು, ತಪಾಸಣೆಯಲ್ಲಿ ಹೊರಗೆ ತೆಗೆದು ತೋರಿಸಬೇಕು. ವಿಮಾನದೊಳಗಿನ ಗಾಳಿ ತೀರಾ ಒಣ, ತೇವಾಂಶ ಶೇ. 20ಕ್ಕಿಂತ ಕಡಿಮೆ. ಖಾಲಿ ಬಾಟಲಿ ಒಯ್ದು ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ.

ಪವರ್ ಬ್ಯಾಂಕ್?

ಕೈಚೀಲದಲ್ಲಿ ಮಾತ್ರ, ಚೆಕ್-ಇನ್ ಲಗೇಜಿನಲ್ಲಿ ಎಂದಿಗೂ ಇಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ. 2025ರಿಂದ ಹಲವು ಕಂಪನಿಗಳು ಹಾರಾಟದ ನಡುವೆ ಅದನ್ನು ಬಳಸಲು ಬಿಡುತ್ತಿಲ್ಲ, ಹಾಗಾಗಿ ಟ್ಯಾಬ್ ಪೂರ್ತಿ ಚಾರ್ಜ್ ಮಾಡಿಕೊಂಡೇ ಹತ್ತಿ.

ಔಷಧಿ, ಲಸಿಕೆ?

ದಿನವೂ ಬೇಕಾದ ಔಷಧಿ ಕೈಚೀಲದಲ್ಲಿ, ಮೂಲ ಡಬ್ಬಿಯಲ್ಲಿ, ವೈದ್ಯರ ಚೀಟಿಯ ಜೊತೆ. ಇನ್ಸುಲಿನ್ ಅಂತೂ ಲಗೇಜಿಗೆ ಹಾಕಲೇಬಾರದು, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಒಂದು ದೇಶದಲ್ಲಿ ಸಾಮಾನ್ಯವಾದ ಔಷಧಿ ಇನ್ನೊಂದರಲ್ಲಿ ಅಪರಾಧವಾಗಬಹುದು: ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಕೊಡುವ ಆಂಫೆಟಮೈನ್ ಮಾತ್ರೆಗಳನ್ನು ಜಪಾನ್ ಒಳಗೆ ಬಿಡುವುದಿಲ್ಲ, ವೈದ್ಯರ ಚೀಟಿ ಇದ್ದರೂ ಅಷ್ಟೇ. ಕೊಡೀನ್ ಎಂಬ ನೋವುನಿವಾರಕ ಇರುವ ಔಷಧಿಗೆ ಯುಎಇಯಲ್ಲಿ ಮೊದಲೇ ಅನುಮತಿ ಪಡೆಯಬೇಕು.

ಹಳದಿ ಜ್ವರದ ಲಸಿಕೆ ಕೇಳುವ ದೇಶವಾದರೆ ಹಾಕಿಸಿದ ಹತ್ತು ದಿನದ ನಂತರವೇ ಪ್ರಮಾಣಪತ್ರ ಊರ್ಜಿತ. 2016ರ ಜುಲೈಯಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹಳೆಯದಿದ್ದರೆ ಮತ್ತೆ ಹಾಕಿಸಬೇಕಿಲ್ಲ. ಕೈಕೂಸುಗಳಿಗೆ ಸಾಮಾನ್ಯವಾಗಿ ಒಂಬತ್ತು ತಿಂಗಳವರೆಗೆ ಈ ಲಸಿಕೆ ಕೊಡುವುದಿಲ್ಲ, ಅಷ್ಟು ಚಿಕ್ಕ ಮಗುವಿದ್ದರೆ ಊರನ್ನೇ ಬದಲಿಸುವುದು ಮೇಲು.

ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದೊಯ್ಯುವುದಾದರೆ? ಅಜ್ಜಿ-ತಾತನ ಜೊತೆ ಕಳಿಸಿದರೆ?

ಜೊತೆಗೆ ಬಾರದ ಪೋಷಕರ ಒಪ್ಪಿಗೆ ಪತ್ರ, ನೋಟರಿ ಮುದ್ರೆಯೊಂದಿಗೆ. ಮಗುವಿನ ಜನನ ಪ್ರಮಾಣಪತ್ರದ ಪ್ರತಿ. ಕೆನಡಾದಂಥ ದೇಶಗಳ ಗಡಿಯಲ್ಲಿ ಇದನ್ನು ಕೇಳುವುದುಂಟು. ತಾಯಿಯ ಕುಟುಂಬದ ಹೆಸರೂ (ಸರ್‌ನೇಮ್) ಮಗುವಿನದೂ ಹೊಂದದೆ ಇದ್ದರೆ ಇನ್ನೂ ಮುಖ್ಯ. ಅಧಿಕಾರಿ ಮಗುವನ್ನೇ ‘ಇವರು ಯಾರು?’ ಎಂದು ಕೇಳಬಹುದು, ತಮಾಷೆ ಮಾಡಬಾರದೆಂದು ಮೊದಲೇ ಹೇಳಿಟ್ಟಿರಿ.

ಎರಡು ವಾರದಲ್ಲಿ ಎಷ್ಟು ಊರು ನೋಡಬಹುದು?

ಎರಡು, ಹೆಚ್ಚೆಂದರೆ ಮೂರು. ಊರು ಬದಲಿಸಿದ ದಿನ ಬೇರೆ ಏನೂ ಆಗದು: ಚೀಲ ಕಟ್ಟು, ಹೊರಡು, ಕಾಯಿ, ಬಿಚ್ಚು. ದಿನಕ್ಕೆ ಒಂದೇ ದೊಡ್ಡ ಕಾರ್ಯಕ್ರಮ ಇಟ್ಟುಕೊಳ್ಳಿ, ಅದೂ ಬೆಳಗ್ಗೆ. ಅಡಿಗೆಮನೆ, ಬಟ್ಟೆ ಒಗೆಯುವ ಯಂತ್ರ ಇರುವ ಮನೆ ಬಾಡಿಗೆಗೆ ಸಿಕ್ಕರೆ ಹೊತ್ತೊಯ್ಯಬೇಕಾದ ಬಟ್ಟೆ ಅರ್ಧಕ್ಕೆ ಇಳಿಯುತ್ತದೆ.

ಹದಿಹರೆಯದವರು ಬರಲ್ಲ ಎನ್ನುತ್ತಿದ್ದಾರೆ.

ಒಂದು ದಿನದ ಯೋಜನೆ ಪೂರ್ತಿ ಅವರ ಕೈಗೆ ಕೊಡಿ. ದುಡ್ಡಿನ ಮಿತಿ ಹೇಳಿ, ಉಳಿದದ್ದು ಅವರದೇ. ಆ ದಿನ ನೀವು ದೂರಬಾರದು.

ವಿಮೆ ಯಾವಾಗ ಮಾಡಿಸಬೇಕು?

ಟಿಕೆಟ್ ಕೊಂಡ ದಿನವೇ. ಹೊರಡುವ ಹಿಂದಿನ ದಿನ ಮಾಡಿಸಿದರೆ, ನಡುವಿನ ತಿಂಗಳುಗಳಲ್ಲಿ ಯಾರಾದರೂ ಕಾಯಿಲೆ ಬಿದ್ದು ಪ್ರವಾಸ ರದ್ದಾದಾಗ ಅದು ನೆರವಿಗೆ ಬರುವುದಿಲ್ಲ. ಮಗುವಿಗೆ ಉಬ್ಬಸವೋ ಅಲರ್ಜಿಯೋ ಇದ್ದರೆ ಮುಚ್ಚಿಡದೆ ಬರೆಯಿರಿ.

ಲಗೇಜ್ ಬರಲೇ ಇಲ್ಲ. ಈಗ?

ನಿಲ್ದಾಣದಿಂದ ಹೊರಬೀಳುವ ಮುಂಚೆ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ ಅದರ ಸಂಖ್ಯೆ ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಚೀಲ ಹಾಳಾಗಿದ್ದರೆ ಕೈಗೆ ಬಂದ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ಲಿಖಿತ ದೂರು ಹೋಗಬೇಕು. ಅಗತ್ಯಕ್ಕೆ ಕೊಂಡ ಬಟ್ಟೆಬರೆಯ ರಸೀದಿ ಇಟ್ಟುಕೊಳ್ಳಿ. ಮನೆಯಲ್ಲೇ ಮಾಡಬಹುದಾದ ಮುಂಜಾಗ್ರತೆ ಒಂದಿದೆ: ಒಬ್ಬೊಬ್ಬರ ಬಟ್ಟೆಯನ್ನು ಒಂದೊಂದು ಸೂಟ್‌ಕೇಸಿಗೆ ತುಂಬದೆ, ಎಲ್ಲರದನ್ನೂ ಎಲ್ಲದರಲ್ಲೂ ಹಂಚಿ ಇಡಿ. ಒಂದು ಹೋದರೂ ಯಾರೂ ಬರಿಗೈಯಾಗುವುದಿಲ್ಲ.

ಮರಳಿದ ಮೇಲೆ ಶಾಲೆಗೆ ಎಷ್ಟು ದಿನ ಬಿಡುವಿರಬೇಕು?

ಸಮಯದ ವ್ಯತ್ಯಾಸ ಐದಾರು ಗಂಟೆಯಾದರೆ ನಾಲ್ಕು ದಿನ, ಎಂಟು ದಾಟಿದರೆ ವಾರವೇ ಇರಲಿ. ಪಶ್ಚಿಮಕ್ಕೆ ಹೋದವರು ಪೂರ್ವಕ್ಕೆ ಮರಳುತ್ತಾರೆ, ಅಂದರೆ ಕಷ್ಟದ ದಿಕ್ಕು ಅವರಿಗೆ ಕೊನೆಯಲ್ಲಿ ಕಾದಿರುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಬೆಳಗ್ಗೆ ಏಳಲಾರದ ಮಕ್ಕಳು ಹೆಚ್ಚಾಗಿ ಇವರ ಮನೆಯವರೇ. ಮರಳಿದ ಮೊದಲ ಬೆಳಗಿನಿಂದಲೇ ಅಲಾರಂ ಇಡಿ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಲಿ, ಶಾಲೆಯವರು ರಜೆಗೆ ಕೊಟ್ಟ ಹೋಮ್‌ವರ್ಕ್ ಬಾಕಿಯಿದ್ದರೆ ಅದನ್ನು ಸಂಜೆಗೆ ಬಿಡದೆ ತಲೆ ಚುರುಕಾಗಿರುವ ಹೊತ್ತಿಗೇ ಮಾಡಿಸಿ.